ಸುಲಭದ ಇಳಿಜಾರಿನಲ್ಲಿ ಮತ್ತೆ ಸ್ಕೀ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬಿದ್ದು ಪೆಟ್ಟು ಮಾಡಿಕೊಂಡ ಮೇಲೆ, ಅಥವಾ ಹಲವು ವರ್ಷ ಸ್ಕೀ ಮುಟ್ಟದೆ ಇದ್ದ ಮೇಲೆ, ಹತ್ತಿರದ ಬೆಟ್ಟದ ಸುಲಭ ಹಾದಿಗಳಲ್ಲಿ ಮತ್ತೆ ಇಳಿಯಲು ಹೊರಟವರ ಪತ್ರಗಳಿಗೆ ಈ ಸಂಚಿಕೆಯ ಅಂಕಣವನ್ನು ಮೀಸಲಿಡಲಾಗಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಐದಾಗಿ ಮಾಡಿಕೊಂಡಿದ್ದೇವೆ. ಮೊದಲ ಪ್ರಶ್ನೆಯೇ ಉಳಿದೆಲ್ಲದರ ಮೂಲವಾಗಿರುವುದರಿಂದ ಅದರ ಉತ್ತರ ದೀರ್ಘವಾಗಿದೆ.

ಪ್ರಶ್ನೆ: ಎಂಟು ವರ್ಷಗಳ ಹಿಂದೆ ನಾನು ಮಧ್ಯಮ ದರ್ಜೆಯ ಹಾದಿಗಳಲ್ಲಿ ಸಲೀಸಾಗಿ ಇಳಿಯುತ್ತಿದ್ದೆ. ಒಂದು ಮಧ್ಯಾಹ್ನ ಗಟ್ಟಿ ಹಿಮದ ಮೇಲೆ ಬಿದ್ದು ಮೊಣಕಾಲು ತಿರುಚಿತು. ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲವಾದರೂ ವಾಸಿಯಾಗುವಷ್ಟರಲ್ಲಿ ಆ ಚಳಿಗಾಲ ಮುಗಿದಿತ್ತು. ಆಮೇಲೆ ಕೆಲಸ, ಮಕ್ಕಳು ಎಂದು ಸ್ಕೀ ಮೂಲೆ ಸೇರಿತು. ಈ ವರ್ಷ ಅತಿ ಸುಲಭದ ಹಾದಿಯ ತುದಿಯಲ್ಲಿ ನಿಂತರೂ ತೊಡೆಗಳು ನಡುಗುತ್ತವೆ. ಕಾಲು ಪೂರ್ತಿ ಸರಿಯಾಗಿದೆ ಎಂದು ವೈದ್ಯರು ಹೇಳುತ್ತಾರೆ. ಹೋದ ಧೈರ್ಯ ಮರಳಿ ಬರುವುದು ಹೇಗೆ?

ಉತ್ತರ: ಕಾಲು ಸರಿಯಾಗಿದೆ ಎಂಬ ವೈದ್ಯರ ಮಾತು ನಿಮ್ಮ ಪತ್ರದಲ್ಲಿ ಇಲ್ಲದಿದ್ದರೆ ಮುಂದಿನ ಯಾವ ಸಲಹೆಯನ್ನೂ ನಾವು ಕೊಡುತ್ತಿರಲಿಲ್ಲ. ಉಳಿದಿರುವುದು ಭಯ, ಮತ್ತು ಆ ಭಯಕ್ಕೆ ಸರಿಯಾದ ಕಾರಣವೇ ಇದೆ. ತೊಂದರೆಯೆಂದರೆ, ಇಳಿಜಾರಿನಲ್ಲಿ ಭಯವು ದೇಹವನ್ನು ಯಾವ ಭಂಗಿಗೆ ತಳ್ಳುತ್ತದೆಯೋ ಅದೇ ಭಂಗಿ ಸ್ಕೀಗಳನ್ನು ಹತೋಟಿ ತಪ್ಪಿಸುತ್ತದೆ. ಹೆದರಿದವರು ಸಹಜವಾಗಿ ಹಿಂದಕ್ಕೆ, ಬೆಟ್ಟದ ಕಡೆಗೆ ವಾಲುತ್ತಾರೆ. ಭಾರವೆಲ್ಲ ಹಿಮ್ಮಡಿಗೆ ಹೋಗಿ ಸ್ಕೀಗಳ ಮುಂತುದಿ ಹಗುರಾಗುತ್ತದೆ. ಹಗುರಾದ ಮುಂತುದಿ ಹಿಮವನ್ನು ಕಚ್ಚದೆ, ತಿರುಗಿಸಲು ಹೋದರೂ ತಿರುಗದೆ, ನೇರವಾಗಿ ಓಡತೊಡಗುತ್ತದೆ. ವೇಗ ಹೆಚ್ಚಿದಷ್ಟೂ ದೇಹ ಇನ್ನಷ್ಟು ಹಿಂದಕ್ಕೆ ಸರಿಯುತ್ತದೆ. ತುದಿಯಲ್ಲಿ ನಿಂತಾಗಿನ ನಡುಕ ಭಯದ್ದೇ ಇರಬಹುದು, ಆದರೆ ಇಳಿಯುವಾಗಲೂ ಅದು ಮುಂದುವರಿದರೆ ಅದರಲ್ಲಿ ಭಂಗಿಯ ಪಾಲೂ ಇರುತ್ತದೆ, ಏಕೆಂದರೆ ಹಿಂದಕ್ಕೆ ಕುಳಿತಂತೆ ಸಾಗುವಾಗ ದೇಹದ ಭಾರವನ್ನು ಎಲುಬುಗಳ ಬದಲು ತೊಡೆಯ ಮುಂಭಾಗದ ಸ್ನಾಯುಗಳೇ ಹೊರಬೇಕಾಗುತ್ತದೆ.

ಹೊರಗಿನವರಿಗೆ ಸ್ಕೀ ಮಾಡುವವರ ಧೈರ್ಯವೆಂದು ಕಾಣುವುದರಲ್ಲಿ ಬಹುಪಾಲು, ಬೇಕೆಂದಾಗ ಬೇಕೆಂದ ಕಡೆ ನಿಲ್ಲಬಲ್ಲೆ ಎಂಬ ಖಾತರಿಯಾಗಿರುತ್ತದೆ. ಈ ಖಾತರಿಯನ್ನು ಮನಸ್ಸಿಗೆ ಹೇಳಿ ತಂದುಕೊಳ್ಳಲಾಗದು. ಕಾಲುಗಳು ಮತ್ತೆ ಮತ್ತೆ ನಿಂತು ಅದನ್ನು ಕಲಿಯಬೇಕು. ಆದ್ದರಿಂದ ಮೊದಲ ದಿನವೇ ಲಿಫ್ಟ್ ಹತ್ತಿ ತುದಿಗೆ ಹೋಗುವ ಆತುರ ಬೇಡ. ಬೆಟ್ಟದ ಬುಡದ ಸಮತಟ್ಟಿನಲ್ಲಿ ಒಂದೇ ಕಾಲಿಗೆ ಸ್ಕೀ ಹಾಕಿಕೊಂಡು ಇನ್ನೊಂದು ಕಾಲಿನಿಂದ ತಳ್ಳುತ್ತ ಸಾಗಿ, ಬಳಿಕ ಕಾಲು ಬದಲಿಸಿ. ಹಿಂದೆ ಪೆಟ್ಟಾದ ಕಾಲಿನ ಮೇಲೆ ಭಾರ ಬಿಡಲು ನೀವು ಹಿಂಜರಿಯುತ್ತಿದ್ದರೆ ಅದು ಅಪಾಯವಿಲ್ಲದ ಈ ಜಾಗದಲ್ಲೇ ಗೊತ್ತಾಗಲಿ. ಅನಂತರ ಮ್ಯಾಜಿಕ್ ಕಾರ್ಪೆಟ್ ಎಂಬ ಚಲಿಸುವ ಪಟ್ಟಿಯಿರುವ ಕಲಿಕೆಯ ಇಳಿಜಾರಿಗೆ ಹೋಗಿ. ಅದರ ತಳ ಸಮತಟ್ಟಾಗಿರುವುದರಿಂದ ನೀವು ಏನನ್ನೂ ಮಾಡದಿದ್ದರೂ ಸ್ಕೀಗಳು ತಾವಾಗಿ ನಿಲ್ಲುತ್ತವೆ. ಐದು ವರ್ಷದ ಮಕ್ಕಳ ನಡುವೆ ನಿಲ್ಲಲು ಮುಜುಗರವಾಗುತ್ತದೆ ಎಂದು ಇನ್ನೊಬ್ಬ ಓದುಗರು ಬರೆದಿದ್ದಾರೆ. ಆ ಮಕ್ಕಳು ನಿಮ್ಮನ್ನು ನೋಡುತ್ತಿರುವುದಿಲ್ಲ.

ಅಲ್ಲಿ ಅಭ್ಯಾಸ ಮಾಡಬೇಕಾದದ್ದು ನಿಲ್ಲುವ ಮೂರು ವಿಧಾನಗಳನ್ನು. ಮೊದಲನೆಯದು ಸ್ನೋಪ್ಲೋ, ಅಂದರೆ ಮುಂತುದಿಗಳನ್ನು ಹತ್ತಿರ ತಂದು ಹಿಮ್ಮಡಿಗಳನ್ನು ಅಗಲಿಸಿ ಒಳ ಅಂಚುಗಳಿಂದ ಹಿಮವನ್ನು ಕೆರೆಯುವುದು. ಒಮ್ಮೆ ಮಧ್ಯಮ ದರ್ಜೆ ಮುಟ್ಟಿದವರಿಗೆ ಇದಕ್ಕೆ ಮರಳುವುದು ಅವಮಾನವೆನಿಸುತ್ತದೆ, ಆದರೆ ಆಸ್ಟ್ರಿಯಾದ ಆರ್ಲ್‌ಬರ್ಗ್ ಪ್ರದೇಶದ ಹಾನೆಸ್ ಷ್ನೈಡರ್ ಅವರು ಕಳೆದ ಶತಮಾನದ ಮೊದಲ ದಶಕಗಳಲ್ಲಿ ರೂಪಿಸಿ ಜಗತ್ತಿಗೆಲ್ಲ ಹಬ್ಬಿಸಿದ ಬೋಧನಾಕ್ರಮವೂ ಸ್ನೋಪ್ಲೋದಿಂದಲೇ ಆರಂಭವಾಗುತ್ತಿತ್ತು, ಇಂದಿನ ಇನ್‌ಸ್ಟ್ರಕ್ಟರ್‌ಗಳೂ ಇಕ್ಕಟ್ಟಿನ ಜಾಗದಲ್ಲಿ ಅದನ್ನು ಬಳಸುತ್ತಾರೆ. ಎರಡನೆಯದು, ಇಳಿಜಾರಿಗೆ ಅಡ್ಡವಾಗಿ ಸಾಗುತ್ತ ಸ್ಕೀಗಳನ್ನು ನಿಧಾನವಾಗಿ ಬೆಟ್ಟದ ಮೇಲ್ಮುಖಕ್ಕೆ ತಿರುಗಿಸಿ ನಿಲ್ಲುವುದು. ಮೇಲಕ್ಕೆ ತಿರುಗಿದ ಸ್ಕೀಯ ವೇಗವನ್ನು ಇಳಿಜಾರೇ ತಿಂದುಹಾಕುತ್ತದೆ. ಮೂರನೆಯದು ಸೈಡ್‌ಸ್ಲಿಪ್, ಅಂದರೆ ಸ್ಕೀಗಳನ್ನು ಇಳಿಜಾರಿಗೆ ಅಡ್ಡವಾಗಿಟ್ಟು, ಅಂಚುಗಳ ಹಿಡಿತವನ್ನು ತುಸು ಸಡಿಲಿಸಿ ಪಕ್ಕಕ್ಕೆ ಜಾರುವುದು, ಮತ್ತೆ ಅಂಚು ಊರಿ ನಿಲ್ಲುವುದು. ನಮ್ಮ ಅಭಿಪ್ರಾಯದಲ್ಲಿ ಮೂರರಲ್ಲಿ ಇದೇ ಹೆಚ್ಚು ಬೆಲೆಯುಳ್ಳದ್ದು, ಮತ್ತು ಹೆಚ್ಚು ಮಂದಿ ಕಲಿಯದೆ ಬಿಡುವುದೂ ಇದನ್ನೇ. ಸೈಡ್‌ಸ್ಲಿಪ್ ಬರುವವರಿಗೆ ಪ್ರತಿಯೊಂದು ಹಾದಿಗೂ ಒಂದು ಹಿತ್ತಿಲ ಬಾಗಿಲು ಇದ್ದಂತೆ: ತಿರುವು ಸಾಧ್ಯವಾಗದ ಕಡಿದಾದ ಭಾಗವೊಂದು ಎದುರಾದರೂ, ಒಂದೇ ಒಂದು ತಿರುವನ್ನೂ ಮಾಡದೆ ಅದನ್ನು ದಾಟಿಬಿಡಬಹುದು.

ತಿರುವುಗಳ ವಿಷಯಕ್ಕೆ ಬಂದರೆ, ವೇಗವನ್ನು ಹಿಡಿದಿಡುವುದು ತಿರುವಿನ ಆಕಾರ ಎಂಬುದನ್ನು ಮರೆತವರೇ ಹೆಚ್ಚು ಹೆದರುತ್ತಾರೆ. ಅವರು ಅರ್ಧ ತಿರುವು ಮುಗಿಯುವ ಮೊದಲೇ ಮುಂದಿನದಕ್ಕೆ ಹಾರುತ್ತಾರೆ. ಪ್ರತಿ ತಿರುವಿನಲ್ಲೂ ಸ್ವಲ್ಪ ಸ್ವಲ್ಪ ವೇಗ ಉಳಿದು ಕೂಡುತ್ತ ಹೋಗಿ, ನಾಲ್ಕೈದು ತಿರುವುಗಳಾಗುವಷ್ಟರಲ್ಲಿ ಕೈಮೀರುತ್ತದೆ. ವೇಗ ಎರಡು ಪಟ್ಟಾದರೆ ಚಲನೆಯ ಶಕ್ತಿ ನಾಲ್ಕು ಪಟ್ಟಾಗುತ್ತದೆ, ಅದೇ ಹಿಡಿತದಿಂದ ನಿಲ್ಲಲು ಬೇಕಾಗುವ ದೂರವೂ ಸುಮಾರು ಅಷ್ಟೇ ಬೆಳೆಯುತ್ತದೆ. ಆದ್ದರಿಂದ ಪ್ರತಿ ತಿರುವನ್ನೂ, ಸ್ಕೀಗಳು ಇಳಿಜಾರಿಗೆ ಅಡ್ಡವಾಗಿ, ಬೇಕಿದ್ದರೆ ತುಸು ಮೇಲ್ಮುಖವಾಗಿ ನೋಡುವವರೆಗೆ ಪೂರ್ತಿ ಮಾಡಿ, ನಡಿಗೆಯ ವೇಗಕ್ಕೆ ಇಳಿದ ಮೇಲಷ್ಟೇ ಮುಂದಿನದನ್ನು ಆರಂಭಿಸಿ. ಹೆದರಿಕೆ ಹೆಚ್ಚಾಗುವುದು ಸ್ಕೀಗಳು ನೇರ ಕೆಳಮುಖವಾಗುವ ಆ ಒಂದೆರಡು ಕ್ಷಣಗಳಲ್ಲಿ. ಇದಕ್ಕಾಗಿ ಗಾರ್ಲೆಂಡ್ ಎಂಬ ಅಭ್ಯಾಸವಿದೆ: ಹಾದಿಗೆ ಅಡ್ಡವಾಗಿ ಸಾಗುವಾಗ ಮುಂತುದಿಗಳನ್ನು ತುಸುವೇ ಕೆಳಕ್ಕೆ ಬಿಟ್ಟು, ವೇಗ ಏರುತ್ತಿದ್ದಂತೆಯೇ ಮತ್ತೆ ಮೇಲಕ್ಕೆ ತಂದು, ತಿರುವನ್ನು ಪೂರ್ತಿ ಮಾಡದೆ ಹೀಗೆ ಹಲವು ಸಲ ಬಿಟ್ಟು ಹಿಡಿದು ಆಡುವುದು. ಬಿಡುವ ಪ್ರಮಾಣವನ್ನು ಪ್ರತಿ ಸಲ ಸ್ವಲ್ಪ ಹೆಚ್ಚಿಸುತ್ತ ಹೋದರೆ ಒಂದು ಹಂತದಲ್ಲಿ ತಿರುವು ತಾನಾಗಿ ಪೂರ್ತಿಯಾಗುತ್ತದೆ.

ಭಾರ ಎಲ್ಲಿರಬೇಕೆಂಬುದೂ ಅಷ್ಟೇ ಮುಖ್ಯ. ತಿರುವಿನಲ್ಲಿ ಹೊರಗಿನ ಸ್ಕೀ ಕೆಲಸ ಮಾಡಬೇಕು. ಬಲಕ್ಕೆ ತಿರುಗುವಾಗ ಎಡಗಾಲು, ಎಡಕ್ಕೆ ತಿರುಗುವಾಗ ಬಲಗಾಲು. ಬೆಟ್ಟದ ಕಡೆಗೆ ವಾಲಿದರೆ ಭಾರ ಒಳಗಿನ ಸ್ಕೀಗೆ ಹೋಗಿ ಹೊರಗಿನದು ಜಾರಿಕೊಂಡು ಹೋಗುತ್ತದೆ. ಪರೀಕ್ಷೆ ಸರಳ: ಹಾದಿಗೆ ಅಡ್ಡವಾಗಿ ಸಾಗುವಾಗ ಮೇಲಿನ ಸ್ಕೀಯ ಹಿಂತುದಿಯನ್ನು ಹಿಮದಿಂದ ಒಂದೆರಡು ಅಂಗುಲ ಎತ್ತಿ ನೋಡಿ. ಎತ್ತಲು ಬಂದರೆ ನೀವು ಸರಿಯಾದ ಕಾಲಿನ ಮೇಲೆ ನಿಂತಿದ್ದೀರಿ. ಮೊಣಕಾಲಿನ ಕೆಳಗೆ ಕಾಲಿನ ಮುಂಭಾಗ ಬೂಟಿನ ನಾಲಿಗೆಗೆ ತಾಗಿಯೇ ಇರಲಿ, ಕೈಗಳೆರಡೂ ಸದಾ ನಿಮ್ಮ ಕಣ್ಣಿಗೆ ಕಾಣುವಷ್ಟು ಮುಂದಿರಲಿ. ದೃಷ್ಟಿ ಸ್ಕೀಗಳ ತುದಿಯ ಮೇಲೆ ನೆಟ್ಟಿದ್ದರೆ ಮುಂದಿನದೆಲ್ಲ ಅನಿರೀಕ್ಷಿತವಾಗಿ ಎರಗಿದಂತಾಗುತ್ತದೆ. ಎರಡು ತಿರುವುಗಳಾಚೆಯ ಖಾಲಿ ಜಾಗವನ್ನು ನೋಡಿ, ಅಂಚಿನ ಮರಗಳನ್ನಲ್ಲ. ಉಸಿರು ಬಿಗಿಹಿಡಿಯುವ ಅಭ್ಯಾಸವಿದ್ದರೆ ಪ್ರತಿ ತಿರುವಿನ ಉದ್ದಕ್ಕೂ ಕೇಳುವಂತೆ ಉಸಿರು ಬಿಡಿ, ಇಲ್ಲವೇ ತಿರುವುಗಳನ್ನು ಗಟ್ಟಿಯಾಗಿ ಎಣಿಸಿ. ಹೆಲ್ಮೆಟ್ಟಿನೊಳಗೆ ನೀವು ಏನು ಗೊಣಗುತ್ತೀರೆಂದು ಯಾರಿಗೂ ಕೇಳಿಸದು.

ಇನ್ನು, ದಿನಗಳನ್ನು ಹೇಗೆ ಕಳೆಯಬೇಕು ಎಂಬುದು. ಒಂದೇ ಸುಲಭ ಹಾದಿಯನ್ನು ಆರಿಸಿಕೊಂಡು, ಅದರ ಪ್ರತಿ ಉಬ್ಬು, ಪ್ರತಿ ತಿರುವು ಬಾಯಿಪಾಠವಾಗುವವರೆಗೆ, ಬೇಸರ ಬರುವವರೆಗೆ ಅದರಲ್ಲೇ ಇಳಿಯಿರಿ. ಮನಸ್ಸು ಅಪಾಯವನ್ನು ಅಳೆಯುವುದನ್ನು ಬಿಟ್ಟು ಊಟದ ಬಗ್ಗೆ ಯೋಚಿಸತೊಡಗಿದೆ ಎಂದರೆ ಆ ಹಾದಿ ನಿಮ್ಮದಾಗಿದೆ. ಆಮೇಲೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ: ಅದೇ ಹಾದಿ, ಬೇರೆ ಹೊತ್ತು, ಅಥವಾ ಅದೇ ಹೊತ್ತು, ಬೇರೆ ಹಾದಿ. ಹೊಸ ಹಾದಿ, ಗಟ್ಟಿ ಹಿಮ, ಜನಜಂಗುಳಿ ಮೂರೂ ಒಟ್ಟಿಗೆ ಬಂದರೆ ಹೆದರಿಕೆಗೆ ಯಾವುದು ಕಾರಣವೆಂದೇ ತಿಳಿಯುವುದಿಲ್ಲ. ಮತ್ತು ದಣಿಯುವ ಮುನ್ನ ನಿಲ್ಲಿಸಿ. ನೀವು ಬಿದ್ದದ್ದು ಮಧ್ಯಾಹ್ನವೆಂದು ಬರೆದಿದ್ದೀರಿ. ಕಾಲು ಸೋತು, ಹಿಮ ಕೆಟ್ಟು, ಜನ ಹೆಚ್ಚಾಗಿರುವ ಹೊತ್ತು ಅದು. ಬೆಳಗಿನ ಎರಡು ಗಂಟೆ ಚೆನ್ನಾಗಿ ಇಳಿದು ಇನ್ನೂ ಆಸೆ ಉಳಿದಿರುವಾಗಲೇ ಬೂಟು ಬಿಚ್ಚಿದರೆ ಮರುದಿನ ಬೆಟ್ಟಕ್ಕೆ ಹೋಗಲು ಮನಸ್ಸು ತಾನಾಗಿ ಏಳುತ್ತದೆ. ಕೊನೆಯದೊಂದು ಸಲ ಎಂದು ಹೋಗುವ ಇಳಿತವನ್ನು ಮಾತ್ರ ಬಿಟ್ಟುಬಿಡಿ.

ಬೀಳುವುದನ್ನೂ ಹೇಳಬೇಕು, ಏಕೆಂದರೆ ನಿಮ್ಮ ಭಯದ ತಿರುಳು ಮೊಣಕಾಲು. ಮೊಣಕಾಲಿನ ಮೂಳೆಗಳನ್ನು ಬಿಗಿದಿಡುವ ಮುಂಭಾಗದ ಕ್ರೂಶಿಯೇಟ್ ಅಸ್ಥಿರಜ್ಜು ಹರಿಯುವ ಪ್ರಕರಣಗಳಲ್ಲಿ ಹಲವು, ಹಿಂದಕ್ಕೆ ಬೀಳುತ್ತ, ಪೃಷ್ಠ ಮೊಣಕಾಲಿಗಿಂತ ಕೆಳಗಿಳಿದಿರುವಾಗ, ಭಾರವೆಲ್ಲ ಕೆಳಗಿನ ಸ್ಕೀಯ ಹಿಂತುದಿಯ ಒಳ ಅಂಚಿನ ಮೇಲೆ ಬಿದ್ದಾಗ ಆಗುತ್ತವೆ; ಇದನ್ನು ಫ್ಯಾಂಟಮ್ ಫುಟ್ ಎನ್ನುತ್ತಾರೆ. ಆ ಸ್ಥಿತಿಯಿಂದ ಏಳಲು ಹೆಣಗುವುದೇ ಅಪಾಯ. ಸಮತೋಲ ತಪ್ಪಿತೆಂದರೆ ತೋಳುಗಳನ್ನು ಮುಂದಕ್ಕೆ ತನ್ನಿ, ಸ್ಕೀಗಳನ್ನು ಜೊತೆಗೂಡಿಸಿ, ಮೊಣಕಾಲು ಮಡಚಿಯೇ ಇರಲಿ, ಪಕ್ಕಕ್ಕೆ ಕುಸಿದು ಜಾರುವುದು ಪೂರ್ತಿ ನಿಲ್ಲುವವರೆಗೆ ಏಳಬೇಡಿ. ಕಲಿಕೆಯ ಇಳಿಜಾರಿನಲ್ಲಿ ಬೇಕೆಂದೇ ಕೆಲವು ಸಲ ಹೀಗೆ ಪಕ್ಕಕ್ಕೆ ಬಿದ್ದು ಎದ್ದರೆ, ಬೀಳುವುದೂ ನಿಮ್ಮ ಹತೋಟಿಯಲ್ಲಿರುವ ಚಲನೆಗಳಲ್ಲಿ ಒಂದಾಗುತ್ತದೆ.

ಪ್ರಶ್ನೆ: ನನ್ನ ಪತಿಯೂ ಗೆಳೆಯರೂ ಚೆನ್ನಾಗಿ ಸ್ಕೀ ಮಾಡುತ್ತಾರೆ. ನಾನು ಹಸಿರು ಹಾದಿಯಲ್ಲೇ ಉಳಿಯುವುದು ಅವರಿಗೆ ಸರಿಕಾಣುವುದಿಲ್ಲ, ನೀಲಿಗೂ ಇದಕ್ಕೂ ಏನು ಮಹಾ ವ್ಯತ್ಯಾಸ ಎನ್ನುತ್ತಾರೆ. ಒಮ್ಮೆ ಅವರೊಡನೆ ಹೋಗಿ ನಡುವೆ ಸಿಕ್ಕಿಬಿದ್ದು ಅತ್ತುಬಿಟ್ಟೆ. ಆದರೆ ನನಗೆ ಕೆಲವು ಹಸಿರು ಹಾದಿಗಳೂ ಕಷ್ಟವೆನಿಸುತ್ತವೆ. ನನ್ನಲ್ಲೇ ದೋಷವಿದೆಯೇ?

ಉತ್ತರ: ಬಣ್ಣಗಳ ಅಳತೆ ನಿಮ್ಮ ಪತಿಯವರೂ ನೀವೂ ಭಾವಿಸಿರುವಷ್ಟು ಖಚಿತವಾದದ್ದಲ್ಲ. ಉತ್ತರ ಅಮೆರಿಕದಲ್ಲಿ ಹಸಿರು ವೃತ್ತ ಅತಿ ಸುಲಭಕ್ಕೆ, ನೀಲಿ ಚೌಕ ಮಧ್ಯಮಕ್ಕೆ, ಕಪ್ಪು ವಜ್ರ ಕಠಿಣಕ್ಕೆ ಗುರುತು. ಯುರೋಪಿನಲ್ಲಿ ನೀಲಿಯೇ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ, ಫ್ರಾನ್ಸಿನಂತಹ ಕೆಲವು ದೇಶಗಳಲ್ಲಿ ನೀಲಿಗೂ ಕೆಳಗೆ ಹಸಿರು ಇದೆ. ಜಪಾನಿನಲ್ಲಿ ಹಸಿರು, ಕೆಂಪು, ಕಪ್ಪು. ಉತ್ತರ ಅಮೆರಿಕದಲ್ಲಂತೂ ಪ್ರತಿ ಬೆಟ್ಟದವರೂ ತಮ್ಮ ಹಾದಿಗಳನ್ನು ತಮ್ಮತಮ್ಮೊಳಗೆ ಹೋಲಿಸಿ ಬಣ್ಣ ಕೊಡುತ್ತಾರೆ. ಒಂದು ಬೆಟ್ಟದ ನೀಲಿ ಇನ್ನೊಂದರ ಹಸಿರಿಗಿಂತ ಸುಲಭವಾಗಿರಬಹುದು. ಸುಲಭ ಹಾದಿಯ ಇಳಿಜಾರು ಸಾಮಾನ್ಯವಾಗಿ ಶೇಕಡ 25ರೊಳಗಿರುತ್ತದೆ, ಕೋನದಲ್ಲಿ ಹೇಳುವುದಾದರೆ ಸುಮಾರು 14 ಡಿಗ್ರಿ. ಮೇಲಿನಿಂದ ನೋಡುವಾಗ ಅದಕ್ಕಿಂತ ಬಹಳ ಕಡಿದಾಗಿ ಕಾಣುವುದು ಎಲ್ಲರಿಗೂ ಆಗುವಂಥದ್ದು.

ಬಣ್ಣ ಹೇಳದಿರುವ ಸಂಗತಿ ಅಗಲ. ಬೆಟ್ಟವನ್ನು ಬಳಸಿ ಬರುವ ಕಿರಿದಾದ ರಸ್ತೆಯಂತಹ ಹಾದಿಗಳಿಗೆ ಸರಾಸರಿ ಇಳಿಜಾರು ಕಡಿಮೆಯೆಂಬ ಕಾರಣಕ್ಕೆ ಹಸಿರು ಗುರುತು ಹಾಕಿರುತ್ತಾರೆ, ಆದರೆ ಅಲ್ಲಿ ತಿರುವನ್ನು ಪೂರ್ತಿ ಮಾಡಲು ಜಾಗವಿರುವುದಿಲ್ಲ, ಒಂದು ಪಕ್ಕ ಕಮರಿ, ಹಿಂದಿನಿಂದ ವೇಗವಾಗಿ ಬರುವವರು. ಧೈರ್ಯ ಕಳೆದುಕೊಂಡವರಿಗೆ ಅಗಲವಾದ ಸೌಮ್ಯ ನೀಲಿ ಹಾದಿಯೇ ಇದಕ್ಕಿಂತ ಹಿತ. ಕೆಲವು ಹಸಿರು ಹಾದಿಗಳು ನಿಮಗೆ ಕಷ್ಟವೆನಿಸುವುದಕ್ಕೆ ಇದೇ ಕಾರಣವಿದ್ದೀತು, ನಿಮ್ಮಲ್ಲಿ ದೋಷವೇನೂ ಇಲ್ಲ. ಹೊಸ ಹಾದಿಗೆ ಹೋಗುವ ಮುನ್ನ ನಕ್ಷೆಯಲ್ಲಿ ಮೂರು ಅಂಶ ನೋಡಿ: ಅದು ಎಷ್ಟು ಅಗಲ, ನಡುವೆ ಬೇರೆ ಹಾದಿಗಳು ಎಲ್ಲಿ ಬಂದು ಸೇರುತ್ತವೆ, ಕಡಿದಾದ ಭಾಗದ ಕೆಳಗೆ ಸಮತಟ್ಟು ಇದೆಯೇ. ಚೇರ್‌ಲಿಫ್ಟಿನಲ್ಲಿ ಮೇಲೆ ಹೋಗುವಾಗ ಕೆಳಗಿನ ಹಾದಿ ಕಾಣುವಂತಿದ್ದರೆ ಇನ್ನೂ ಒಳ್ಳೆಯದು.

ಹಿಂದಿನಿಂದ ಬರುವವರ ಬಗ್ಗೆ ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟದ ಹತ್ತು ನಡವಳಿಕೆಯ ನಿಯಮಗಳಲ್ಲಿ ಮೂರನೆಯದು ಸ್ಪಷ್ಟವಾಗಿದೆ: ಮುಂದಿರುವವರಿಗೆ ಅಪಾಯವಾಗದಂತೆ ದಾರಿ ಆರಿಸಿಕೊಳ್ಳುವ ಹೊಣೆ ಹಿಂದಿನಿಂದ ಬರುವವರದು. ನೀವು ಪದೇಪದೇ ಹಿಂದಿರುಗಿ ನೋಡುತ್ತ ಇಳಿಯಬೇಕಿಲ್ಲ. ಒಂದೇ ಲಯದಲ್ಲಿ, ಒಂದೇ ಅಗಲದ ತಿರುವುಗಳಲ್ಲಿ ಇಳಿದರೆ ಅವರಿಗೆ ನಿಮ್ಮ ದಾರಿ ಮೊದಲೇ ತಿಳಿಯುತ್ತದೆ. ನಿಂತು ಮತ್ತೆ ಹೊರಡುವಾಗ ಮಾತ್ರ ಮೇಲೂ ಕೆಳಗೂ ನೋಡಿಯೇ ಹೊರಡಬೇಕು, ಮತ್ತು ಕಿರಿದಾದ ಕಡೆ ಅಥವಾ ಮೇಲಿನವರಿಗೆ ಕಾಣದ ಉಬ್ಬಿನ ಕೆಳಗೆ ನಿಲ್ಲಬಾರದು. ಇವೂ ಅದೇ ನಿಯಮಗಳಲ್ಲಿವೆ.

ಮನೆಯವರಿಗೆ ಹೇಳಬೇಕಾದದ್ದು ಇಷ್ಟು: ಬೆಳಿಗ್ಗೆ ಅವರವರ ಹಾದಿಯಲ್ಲಿ ಅವರವರು, ಊಟದ ಹೊತ್ತಿಗೆ ಲಿಫ್ಟಿನ ಬುಡದಲ್ಲಿ ಭೇಟಿ. ಕೆಳಗೆ ನಿಂತು ಕಾಯುವ ಗಂಡನ ಮುಖ ನೋಡುತ್ತ ಯಾರಿಗೂ ಸರಿಯಾದ ತಿರುವು ಬರುವುದಿಲ್ಲ. ಪತಿಯವರು ನಿಜವಾಗಿ ನೆರವಾಗಬೇಕೆಂದಿದ್ದರೆ, ನಿಮ್ಮ ಹಸಿರು ಹಾದಿಯಲ್ಲಿ ನಿಮ್ಮ ಹಿಂದೆ, ಮೇಲಿನ ಪಕ್ಕದಲ್ಲಿ, ಮಾತಾಡದೆ ಇಳಿಯಲಿ. ನಿಮ್ಮ ಬೆನ್ನಿಗೆ ಅದೊಂದು ರಕ್ಷಣೆ. ಮತ್ತೆ ಎಲ್ಲಾದರೂ ಸಿಕ್ಕಿಬಿದ್ದರೆ ಸೈಡ್‌ಸ್ಲಿಪ್ ಮಾಡಿ; ಅದೂ ಆಗದಿದ್ದರೆ ಸ್ಕೀ ಬಿಚ್ಚಿ ಹಾದಿಯ ಅಂಚಿನಲ್ಲೇ ನಡೆದು ಇಳಿಯಬಹುದು, ಇಲ್ಲವೇ ಹಾದಿಗಳ ಕಾವಲು ಸಿಬ್ಬಂದಿಯಾದ ಸ್ಕೀ ಪಟ್ರೋಲ್‌ನವರನ್ನು ಕರೆಯಬಹುದು. ಗಾಯವಾಗದಿದ್ದರೂ ಅವರು ಬರುತ್ತಾರೆ, ಅದು ಅವರ ಕೆಲಸದಲ್ಲಿ ಸೇರಿದ್ದು.

ಪ್ರಶ್ನೆ: ಹತ್ತು ವರ್ಷಕ್ಕೂ ಹಳೆಯ ಸ್ಕೀ, ಬೂಟುಗಳನ್ನು ಜೋಪಾನವಾಗಿ ಇಟ್ಟಿದ್ದೇನೆ. ನನಗೀಗ 52 ವರ್ಷ. ಅವನ್ನೇ ಬಳಸಬಹುದೇ? ಬಿದ್ದಾಗ ಬೇಗ ಕಳಚಿಕೊಳ್ಳುವಂತೆ ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗನ್ನು ನಾನೇ ಸಡಿಲ ಮಾಡಿಕೊಂಡರೆ ಹೆದರಿಕೆ ಕಡಿಮೆಯಾದೀತೇ?

ಉತ್ತರ: ಬೈಂಡಿಂಗನ್ನು ನೀವೇ ತಿರುಗಿಸಬೇಡಿ. ಅದರ ಬಿಡುಗಡೆಯ ಅಂಕಿಯನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ ಮತ್ತು ಸ್ಕೀ ಮಾಡುವ ರೀತಿ ಇವುಗಳಿಂದ, ಐಎಸ್‌ಒ 11088 ಎಂಬ ಅಂತರರಾಷ್ಟ್ರೀಯ ಮಾನದಂಡದ ಕೋಷ್ಟಕದ ಪ್ರಕಾರ ಅಂಗಡಿಯ ತಂತ್ರಜ್ಞರು ಹೊಂದಿಸುತ್ತಾರೆ. 50 ದಾಟಿದವರಿಗೆ ಕೋಷ್ಟಕವೇ ಒಂದು ಹಂತ ಕಡಿಮೆ ಮಾಡುತ್ತದೆ. ಹತ್ತು ವರ್ಷದ ಹಿಂದಿನ ಅಂಕಿ ನಿಮಗೀಗ ಸರಿಹೋಗದಿರಲು ಅದೊಂದೇ ಕಾರಣ ಸಾಕು. ನಿಧಾನವಾಗಿ, ಎಚ್ಚರದಿಂದ ಇಳಿಯುವವನು ಎಂದು ಪ್ರಾಮಾಣಿಕವಾಗಿ ಹೇಳಿ, ಹಳೆಯ ಬಿರುದುಗಳನ್ನು ಅಲ್ಲಿ ತರಬೇಡಿ. ಅದಕ್ಕಿಂತಲೂ ಸಡಿಲ ಮಾಡಿದರೆ ಬೇಡದ ಹೊತ್ತಿನಲ್ಲಿ, ತಿರುವಿನ ನಡುವೆ, ಸ್ಕೀ ಕಳಚಿಕೊಂಡು ಅದರಿಂದಲೇ ಬೀಳುವಂತಾಗುತ್ತದೆ. ಇನ್ನೊಂದು ಮಾತು: ಸಾಮಾನ್ಯ ಬೈಂಡಿಂಗುಗಳು ಮುಖ್ಯವಾಗಿ ಕಣಕಾಲಿನ ಮೂಳೆ ಮುರಿಯದಂತೆ ಕಾಯಲು ರೂಪುಗೊಂಡವು, ಮೊಣಕಾಲಿನ ಅಸ್ಥಿರಜ್ಜುಗಳಿಗೆ ಅವುಗಳಿಂದ ಅದೇ ಮಟ್ಟದ ರಕ್ಷಣೆ ಇಲ್ಲ. ಆದ್ದರಿಂದ ಮೊದಲ ಉತ್ತರದಲ್ಲಿ ಹೇಳಿದ ಬೀಳುವ ಕ್ರಮವನ್ನು ನೀವೂ ಓದಿಕೊಳ್ಳಿ.

ಬೂಟುಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಅವುಗಳ ಪ್ಲಾಸ್ಟಿಕ್ ಕವಚ ಬಳಸದೆ ಇಟ್ಟರೂ ವರ್ಷಗಳಲ್ಲಿ ತೇವಾಂಶದಿಂದ ಹದಗೆಟ್ಟು, ಚಳಿಯಲ್ಲಿ ಒತ್ತಡ ಬಿದ್ದಾಗ ಇದ್ದಕ್ಕಿದ್ದಂತೆ ಒಡೆಯುವುದುಂಟು. ಹಳೆಯ ಬೈಂಡಿಂಗುಗಳನ್ನೂ ತಯಾರಕರ ಬೆಂಬಲ ಮುಗಿದ ಮೇಲೆ ಅಂಗಡಿಯವರು ಹೊಂದಿಸಿಕೊಡಲು ಒಪ್ಪುವುದಿಲ್ಲ. ಮರಳುವ ಮೊದಲ ವರ್ಷಕ್ಕೆ ಬಾಡಿಗೆಯ ಸಾಮಗ್ರಿಯೇ ಸಾಕು ಎಂಬುದು ನಮ್ಮ ಸಲಹೆ. ಗಲ್ಲದಿಂದ ಮೂಗಿನವರೆಗಿನ ಎತ್ತರದ, ಮೃದುವಾಗಿ ಬಾಗುವ ಸ್ಕೀ ಕೇಳಿ. ಚಿಕ್ಕದಾದಷ್ಟೂ ತಿರುಗಿಸುವುದು ಸುಲಭ. ಬೂಟು ಬಿಗಿಯಾಗಿರಬೇಕು, ನೋಯಿಸಬಾರದು: ನೇರ ನಿಂತಾಗ ಬೆರಳು ಮುಂದೆ ಮೆಲ್ಲಗೆ ತಾಗಿ, ಮೊಣಕಾಲು ಬಗ್ಗಿಸಿದಾಗ ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಒಂದೇ ಜೊತೆ ತೆಳು ಕಾಲುಚೀಲ ಸಾಕು. ಸಡಿಲ ಬೂಟಿನೊಳಗೆ ಪಾದ ತಿರುಗಿದರೂ ಸ್ಕೀ ತಿರುಗುವುದು ತಡವಾಗುತ್ತದೆ, ಆ ತಡವನ್ನು ನಾವು ನಮ್ಮ ಅಂಜಿಕೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ.

ಪ್ರಶ್ನೆ: ಒಂದೇ ಹಾದಿ ಒಂದು ದಿನ ಸುಲಭ, ಮರುದಿನ ಭಯಂಕರ. ಹಿಂದಿನ ದಿನ ಗಳಿಸಿದ ವಿಶ್ವಾಸವೆಲ್ಲ ಕರಗಿಹೋಗುತ್ತದೆ. ಏಕೆ?

ಉತ್ತರ: ಹಾದಿ ಅದೇ ಆದರೂ ಹಿಮ ಬೇರೆ. ರಾತ್ರಿ ಯಂತ್ರಗಳು ಹಾದಿಯನ್ನು ಸಮಮಾಡಿ ಬಿಟ್ಟ ಗೆರೆಗೆರೆಯ ಹಿಮ ಬೆಳಗಿನ ಹೊತ್ತು ಅತ್ಯಂತ ಅನುಕೂಲದ್ದು. ಹಗಲಿನಲ್ಲಿ ಕರಗಿ ರಾತ್ರಿ ಹೆಪ್ಪುಗಟ್ಟುವ ಋತುವಿನ ಕೊನೆಯ ದಿನಗಳಲ್ಲಿ ಮಾತ್ರ ಲೆಕ್ಕ ತಿರುಗುಮುರುಗು: ಬೆಳಿಗ್ಗೆ ಹಾದಿ ಕಲ್ಲಿನಂತಿರುತ್ತದೆ, ಬಿಸಿಲು ತಾಗಿ ಮೇಲ್ಪದರ ತುಸು ಮೆದುವಾಗುವವರೆಗೆ ಕಾಯುವುದು ಜಾಣತನ, ಮಧ್ಯಾಹ್ನದ ಹೊತ್ತಿಗೆ ಅದೇ ಹಿಮ ಭಾರವಾಗಿ, ರಾಶಿರಾಶಿಯಾಗಿ ಕಾಲನ್ನು ಎಳೆಯುತ್ತದೆ. ಹೊಳೆಯುವ ಗಟ್ಟಿ ತುಂಡು ಎದುರಾದರೆ ಅದರ ಮೇಲೆ ತಿರುಗಲೂ ನಿಲ್ಲಲೂ ಹೆಣಗಬೇಡಿ. ಸ್ಕೀಗಳನ್ನು ಚಪ್ಪಟೆಯಾಗಿಟ್ಟು ಅದರ ಮೇಲೆ ಜಾರಿಹೋಗಿ, ಆಚೆಯ ಮೆದು ಹಿಮದಲ್ಲಿ ತಿರುಗಿ. ಕೆರೆದ ಹಿಮ ಸಾಮಾನ್ಯವಾಗಿ ಹಾದಿಯ ಎರಡು ಅಂಚುಗಳಲ್ಲಿ ಗುಡ್ಡೆಯಾಗಿರುತ್ತದೆ.

ಬೆಳಕೂ ಹೀಗೆಯೇ. ಮೋಡ ಕವಿದಾಗ ನೆರಳುಗಳು ಅಳಿದು ಉಬ್ಬುತಗ್ಗು ಕಾಣದಂತಾಗುತ್ತದೆ, ಕಾಣದ್ದಕ್ಕೆ ದೇಹ ಹೆದರಿ ಬಿಗಿಯಾಗುತ್ತದೆ. ಗಾಗಲ್ಸ್ ಗಾಜಿಗೆ ಎಸ್0ರಿಂದ ಎಸ್4ರವರೆಗೆ ದರ್ಜೆಗಳಿವೆ. ಬಿಸಿಲಿಗೆ ಹಾಕುವ ಎಸ್3 ಗಾಜು ಶೇಕಡ 8ರಿಂದ 18ರಷ್ಟು ಬೆಳಕನ್ನು ಮಾತ್ರ ಒಳಬಿಡುತ್ತದೆ, ಮೋಡದ ದಿನಕ್ಕೆ ಶೇಕಡ 43ರಿಂದ 80ರಷ್ಟು ಬಿಡುವ ಎಸ್1 ಬೇಕು, ಹೆಚ್ಚಾಗಿ ಹಳದಿ ಅಥವಾ ಗುಲಾಬಿ ಛಾಯೆಯದು. ಅಂತಹ ದಿನ ಬಯಲಿನ ಹಾದಿ ಬಿಟ್ಟು ಮರಗಳ ಸಾಲಿರುವ ಹಾದಿ ಹಿಡಿಯಿರಿ, ಮರಗಳಿಂದಾಗಿ ಇಳಿಜಾರಿನ ಅಂದಾಜು ಕಣ್ಣಿಗೆ ಸಿಗುತ್ತದೆ. ಹಿಮವೂ ಬೆಳಕೂ ಎರಡೂ ಕೆಟ್ಟಿರುವ ದಿನ ಇಳಿಯದೆ ಮನೆಗೆ ಮರಳಿದರೆ ನಷ್ಟವಿಲ್ಲ. ಬೆಟ್ಟ ಹತ್ತಿರದಲ್ಲಿರುವುದರ ದೊಡ್ಡ ಅನುಕೂಲವೇ ಇದು. ದೂರದ ಬೆಟ್ಟಕ್ಕೆ ರಜೆ ಹಾಕಿ, ದುಡ್ಡು ಸುರಿದು ಹೋದವರು ಕೆಟ್ಟ ದಿನದಲ್ಲೂ ಇಳಿಯಲೇಬೇಕೆಂಬ ಹಟಕ್ಕೆ ಬೀಳುತ್ತಾರೆ.

ಪ್ರಶ್ನೆ: ನನಗೆ ಇಳಿಜಾರಿಗಿಂತ ಚೇರ್‌ಲಿಫ್ಟಿನಿಂದ ಇಳಿಯುವ ಕ್ಷಣವೇ ಹೆಚ್ಚು ಭಯ. ಇನ್ನೊಂದು, ಮೊದಲೇ ಕಲಿತಿರುವ ನಾನು ಮತ್ತೆ ಪಾಠ ಹೇಳಿಸಿಕೊಳ್ಳಬೇಕೇ?

ಉತ್ತರ: ಲಿಫ್ಟ್ ನಡೆಸುವವರಿಗೆ ನಿಧಾನ ಮಾಡಿ ಎಂದು ಹತ್ತುವಾಗಲೇ ಕೇಳಿಕೊಳ್ಳಿ, ದಿನಕ್ಕೆ ಹಲವರು ಕೇಳುತ್ತಾರೆ. ಕೈಯಲ್ಲಿ ಹಿಡಿಯುವ ಕೋಲುಗಳಾದ ಪೋಲ್‌ಗಳ ಪಟ್ಟಿಯನ್ನು ಮಣಿಕಟ್ಟಿನಿಂದ ಬಿಡಿಸಿ ಎರಡನ್ನೂ ಒಂದೇ ಕೈಯಲ್ಲಿ ಹಿಡಿಯಿರಿ. ಮೇಲೆ ತಲುಪುವಾಗ ಸ್ಕೀಗಳ ಮುಂತುದಿ ಎತ್ತಿ, ನೆಲ ತಾಗಿದ ಮೇಲೆ ಗುರುತಿನ ಬಳಿ ಎದ್ದು ನಿಂತು, ಪಕ್ಕದವರತ್ತ ತಿರುಗದೆ ನೇರವಾಗಿ ಜಾರಿಹೋಗಿ; ದಿಕ್ಕು ಬದಲಿಸುವುದು ಕುರ್ಚಿ ದೂರವಾದ ಮೇಲೆ. ಮೊದಮೊದಲು ಕುರ್ಚಿಯಲ್ಲಿ ಒಬ್ಬರೇ, ಅಥವಾ ಅಂಚಿನಲ್ಲಿ ಕುಳಿತರೆ ಗೊಂದಲ ಕಡಿಮೆ. ಅಲ್ಲೇ ಬಿದ್ದರೆ ಹಿಂದಿನವರಿಗೆ ದಾರಿಯಾಗುವಂತೆ ಪಕ್ಕಕ್ಕೆ ಸರಿಯಿರಿ, ಅಗತ್ಯವಾದರೆ ಲಿಫ್ಟ್ ನಡೆಸುವವರೇ ಅದನ್ನು ನಿಲ್ಲಿಸುತ್ತಾರೆ.

ಪಾಠ ಖಂಡಿತ ತೆಗೆದುಕೊಳ್ಳಿ, ಸಾಧ್ಯವಾದರೆ ಗುಂಪಿನಲ್ಲಲ್ಲದೆ ಒಬ್ಬರಿಗೇ ಒಂದೆರಡು ಗಂಟೆ, ವಾರದ ನಡುವಿನ ದಿನ. ನೀವು ಕಲಿತ ಕಾಲ ಯಾವುದೆಂದು ಬರೆದಿಲ್ಲ. 1990ರ ದಶಕದಲ್ಲಿ ಸೊಂಟ ಕಿರಿದಾಗಿ ತುದಿಗಳು ಅಗಲವಾದ ಸ್ಕೀಗಳು ಬಂದ ಮೇಲೆ ತಿರುಗಿಸುವ ರೀತಿಯೇ ಬದಲಾಯಿತು. ಅದಕ್ಕೂ ಹಿಂದೆ ನೇರ ಸ್ಕೀಗಳ ಮೇಲೆ ಕಲಿತವರು, ಪಾದಗಳನ್ನು ಅಂಟಿಸಿಕೊಂಡು ಇಡೀ ದೇಹವನ್ನು ಎತ್ತಿ ತಿರುಗಿಸುವ ಶ್ರಮವನ್ನು ಇಂದಿಗೂ ಬೇಡದೆಯೇ ಪಡುತ್ತಿರುತ್ತಾರೆ. ಇನ್‌ಸ್ಟ್ರಕ್ಟರ್‌ಗೆ ಹಳೆಯ ಪೆಟ್ಟಿದ್ದರೆ ಅದನ್ನೂ, ಯಾವ ಕ್ಷಣದಲ್ಲಿ ಹೆದರಿಕೆ ಏಳುತ್ತದೆ ಎಂಬುದನ್ನೂ ಮೊದಲೇ ಹೇಳಿ. ಮುಂದಿನ ದರ್ಜೆಗೆ ಒಯ್ಯಿರಿ ಎಂದು ಕೇಳಬೇಡಿ. ನಿಮಗೆ ಅತಿ ಪರಿಚಿತವಾದ ಸುಲಭ ಹಾದಿಯಲ್ಲಿ ಸಾಧ್ಯವಾದಷ್ಟು ನಿಧಾನವಾಗಿ ಇಳಿಯುತ್ತೇನೆ, ಎಡ ತಿರುವಿಗೂ ಬಲ ತಿರುವಿಗೂ ಏನು ವ್ಯತ್ಯಾಸವಿದೆ ನೋಡಿ ಹೇಳಿ ಎಂದು ಕೇಳಿ. ಬಹುಪಾಲು ಜನರಿಗೆ ಒಂದು ಕಡೆಯ ತಿರುವು ದುರ್ಬಲವಾಗಿರುತ್ತದೆ. ಅದು ಯಾವ ಕಡೆ, ಅದನ್ನು ತಿದ್ದುವ ಒಂದೆರಡು ಅಭ್ಯಾಸಗಳು ಯಾವುವು ಎಂದು ತಿಳಿದುಕೊಂಡು, ಮುಂದಿನ ಕೆಲವು ಸಲ ಇನ್‌ಸ್ಟ್ರಕ್ಟರ್ ಇಲ್ಲದೆ ಅವನ್ನೇ ಮಾಡಿ, ಆಮೇಲೆ ಬೇಕೆನಿಸಿದರೆ ಅದೇ ವ್ಯಕ್ತಿಯ ಬಳಿ ಎರಡನೆಯ ಪಾಠಕ್ಕೆ ಹೋಗಿ.